ನನ್ನದೇ ಐಟಮ್ ನಾನು ಕದ್ದ ಬಗೆ

ಹಗಲು ನಾನು ಉಜಿರೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರು ಬರೆದದ್ದನ್ನು ನಕಲು ಮಾಡುತ್ತೇನೆ. ಭಾನುವಾರಗಳಂದು ವೇದಿಕೆ ಹತ್ತಿ ಬೇರೆಯವರು ಮಾತಾಡುವುದನ್ನು ನಕಲು ಮಾಡುತ್ತೇನೆ. ಇಂಥವನ ಮೇಲೆ ಕದ್ದ ಆರೋಪ ಬಂದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

"ಯಾರದ್ದನ್ನು ಕದ್ದದ್ದು ನೀನು?" ಎಂದು ಅಮ್ಮ ಕೇಳಿದಳು.

"ನನ್ನದನ್ನೇ."

"ಅದಕ್ಕೂ ಕೇಸ್ ಆಗ್ತದಾ?"

ಆಗುತ್ತದೆ ಎಂದು ನನಗೂ ಅಂದೇ ಗೊತ್ತಾದದ್ದು. ಅಂಗಡಿಯಲ್ಲಿ ಒಬ್ಬ ಹುಡುಗಿಯ ಪ್ರಾಜೆಕ್ಟ್ ವರದಿಗೆ ಸ್ಪೈರಲ್ ಹಾಕುತ್ತಿದ್ದೆ. ಫೋನು ಗುಂಯ್ ಎಂದಿತು. ನಾನು ಹಾಕಿದ್ದ ವಿಡಿಯೊ ಒಂದನ್ನು ಕೃತಿಸ್ವಾಮ್ಯದ ದೂರಿನ ಮೇಲೆ ತೆಗೆದುಹಾಕಲಾಗಿದೆ ಎಂಬ ಸಂದೇಶ. ಜೊತೆಗೆ ಒಂದು ಬುದ್ಧಿಮಾತು: ದಯವಿಟ್ಟು ಇತರರ ಸೃಜನಶೀಲ ಶ್ರಮವನ್ನು ಗೌರವಿಸಿ. ತೆಗೆದದ್ದು ನಾನು ವೇದಿಕೆಯಲ್ಲಿ ಮಾಡುವ ಬಸ್ಸಿನ ಮಿಮಿಕ್ರಿ ಐಟಮ್ಮನ್ನು.

ಈ ಬಸ್ಸಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆ ಕಕ್ಕಿಂಜೆಯಲ್ಲಿ. ಮೂಡಬಿದಿರೆಯ ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷ ನನ್ನ ಯೌವನದ ಬಹುಭಾಗ ಬಸ್ಸಿನಲ್ಲಿಯೇ ಮುಗಿಯಿತು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲೆ ಮೂಡಬಿದಿರೆಗೆ. ಸೀಟು ಸಿಕ್ಕಿದ ದಿನ ನಿದ್ದೆ, ಸಿಗದ ದಿನ ಕಿವಿ. ಆ ಕಿವಿಯ ದಿನಗಳಿಂದ ಹತ್ತು ನಿಮಿಷದ ಒಂದು ಐಟಮ್ ಹುಟ್ಟಿತು. ಒಬ್ಬನೇ ಆರು ಸ್ವರ: ಸೀಟಿ ಹೊಡೆದೇ ಎಲ್ಲ ಭಾವನೆ ತೋರಿಸುವ ಕಂಡಕ್ಟರ್, ಚೀಲದೊಳಗೆ ಕೋಳಿಯನ್ನು ಅಡಗಿಸಿಟ್ಟ ಅಜ್ಜಿ, ಆ ಕೋಳಿ, ದುಬೈಯಿಂದ ರಜೆಗೆ ಬಂದು ಪ್ರತಿ ತಿರುವಿನಲ್ಲೂ "ಅಲ್ಲಿಯಾದರೆ" ಎನ್ನುವ ಮನುಷ್ಯ, ಪರೀಕ್ಷೆಗೆ ಬಾಯಿಪಾಠ ಮಾಡುವ ಹುಡುಗಿ, ಕೊನೆಗೆ ನಿಲ್ಲಲು ಜಾಗವಿಲ್ಲದೆ ಎಲ್ಲರ ಕಾಲು ತುಳಿಯುವ ಒಬ್ಬ ಪೆದ್ದ. ಆ ಪೆದ್ದ ನಾನೇ. ಅವನ ಸ್ವರ ಮಾಡುವುದು ನನಗೆ ಅತ್ಯಂತ ಸುಲಭ, ಜನ ಅತ್ಯಂತ ಹೆಚ್ಚು ನಗುವುದೂ ಅವನಿಗೇ.

ದೂರು ಬಂದ ವರ್ಷವೇ, ನಾನು ಹಿಂದೆ ಓದಿದ್ದ ಮೂಡಬಿದಿರೆಯ ಕಾಲೇಜಿನವರು ತಮ್ಮ ಕಾರ್ಯಕ್ರಮಕ್ಕೆ ಇದೇ ಬಸ್ಸು ಬೇಕೆಂದು ಕರೆದಿದ್ದರು. ವಿಡಿಯೊ ನೋಡಹೋದ ಅವರಿಗೆ ದೂರಿನ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಕಾರ್ಯಕ್ರಮದ ಹೊಣೆ ಹೊತ್ತ ಮೇಷ್ಟ್ರು ಫೋನ್ ಮಾಡಿದರು. ಹಿಂದೆ ಕನ್ನಡ ಪಾಠ ಮಾಡಿದವರು. ನಾನು ಅವರ ಸ್ವರವನ್ನು ಅವರ ತರಗತಿಯಲ್ಲಿಯೇ ಮಾಡಿ ಹೊರಗೆ ನಿಂತವನು.

"ನೋಡು ಮಾರಾಯ, ನಾವು ಪ್ರೋಗ್ರಾಮ್ ಲೈವ್ ಬಿಡುವುದು. ಅರ್ಧದಲ್ಲಿ ನಿಂತುಹೋದರೆ ನಮ್ಮ ಮರ್ಯಾದೆ ಪ್ರಶ್ನೆ."

"ಸರ್, ಅದು ನನ್ನದೇ ಐಟಮ್."

"ನಿನ್ನದೇ ಅಂತ ನಂಗೆ ಗೊತ್ತುಂಟು. ಲಿಖಿತವಾಗಿ ತಾ. ಎರಡು ವಾರ ಉಂಟು. ಆಗದಿದ್ದರೆ ಬೇರೆ ಏನಾದ್ರೂ ಮಾಡು. ಆ ರಾಜಕಾರಣಿ ಸ್ವರ, ಸಿನೆಮಾದವರ ಸ್ವರ, ಎಲ್ಲರೂ ಮಾಡ್ತಾರಲ್ಲ, ಅದು."

ಎಲ್ಲರೂ ಮಾಡುವುದನ್ನು ಮಾಡಿ ಮಾಡಿ ಸುಸ್ತಾಗಿಯೇ ನಾನು ಈ ಬಸ್ಸು ಕಟ್ಟಿದ್ದು. ನನಗೆ ಬರುವ ಎಲ್ಲ ಸ್ವರಗಳಲ್ಲಿ ನಾನೇ ಮಾಡಿದ್ದು ಎಂದು ಹೇಳಿಕೊಳ್ಳುವಂಥದ್ದು ಇದೊಂದೇ ಇತ್ತು. ಅದನ್ನು ನನ್ನ ಕಾಲೇಜಿನಲ್ಲಿಯೇ ಆಡಲಾಗದಿದ್ದರೆ ಉಳಿದದ್ದು ಜೆರಾಕ್ಸ್ ಮೆಷಿನ್ನಿನ ಮುಚ್ಚಳ ಎತ್ತಿ ಇಳಿಸುವ ಕಲೆ ಮಾತ್ರ.

ದೂರು ಕೊಟ್ಟವರ ಹೆಸರು ಸಂದೇಶದ ಕೆಳಗೆ ಇತ್ತು. ಅದನ್ನು ನೋಡಿ ನಾನು ಹುಡುಗಿಯ ವರದಿಗೆ ಸ್ಪೈರಲ್ಲನ್ನು ತಲೆಕೆಳಗಾಗಿ ಹಾಕಿಬಿಟ್ಟೆ. ಬಂಟ್ವಾಳ ಪೇಟೆಯಲ್ಲಿ ಮೈಕ್, ಲೈಟು, ವಿಡಿಯೊ ಎಲ್ಲ ಮಾಡುವ ಅಣ್ಣ ಅವರು. ನಮ್ಮ ಕಡೆಯ ಕಲಾವಿದರೆಲ್ಲ ಅವರನ್ನು ಸೌಂಡ್ಸ್ ಅಣ್ಣ ಎಂದೇ ಕರೆಯುವುದು. ಹೈಸ್ಕೂಲಿನಲ್ಲಿದ್ದಾಗ ನನ್ನ ಕೈಗೆ ಮೊದಲ ಮೈಕು ಕೊಟ್ಟವರು, "ನುಂಗಬೇಡ, ನಾಲ್ಕು ಬೆರಳು ದೂರ ಹಿಡಿ" ಎಂದು ಕಲಿಸಿದವರು. ಫೋನ್ ಮಾಡಿದೆ.

"ಅಣ್ಣಾ, ಬಸ್ಸಿನ ವಿಡಿಯೊದ ಮೇಲೆ ದೂರು ಕೊಟ್ಟದ್ದು ನೀವಾ?"

"ಹೌದು ಮಾರಾಯ. ಯಾರೋ ನನ್ನ ಐಟಮ್ ಹಾಕಿದ್ದಾರೆ ಅಂತ ಒಬ್ರು ತೋರಿಸಿದ್ರು. ದೂರು ಕೊಡ್ತೀರಾ ಅಂತ ಫೋನು ಕೇಳಿತು. ಒತ್ತಿದೆ."

"ಆ ಯಾರೋ ನಾನು ಅಣ್ಣ."

"ನೀನಾ? ನೀನು ಎಂತಕ್ಕೆ ನನ್ನ ಐಟಮ್ ಹಾಕ್ಲಿಕ್ಕೆ ಹೋದದ್ದು?"

"ನಿಮ್ಮದು ಹೇಗಾಗ್ತದೆ? ನಾನು ಕಟ್ಟಿದ್ದಲ್ವಾ?"

"ಮಾಡುದು ನೀನು. ಬರೆದದ್ದು ನಾನು. ನನ್ನ ವಿಡಿಯೊದಲ್ಲಿ ಹೇಳಿದ್ದೇನಲ್ಲ, ನೋಡು ಬೇಕಾದ್ರೆ. ಈಗ ಇಡ್ತೇನೆ, ಸ್ಟೇಜಿನ ಕೆಲಸ ಉಂಟು."

ತಮಾಷೆ ಎಂದುಕೊಂಡೆ. ಎದುರಿನವರು ತಮಾಷೆ ಮಾಡುತ್ತಿದ್ದಾರೆಂದು ನಂಬಿ ಕೆಡುವುದು ನನ್ನಂಥವರ ಹಣೆಬರಹ, ಏಕೆಂದರೆ ನಮ್ಮನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಕಾರಣ ನಾವೂ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಅದೇ ಮಾತು. ಐದನೆಯ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬೆಳ್ತಂಗಡಿಯ ಕೋರ್ಟಿನ ಹತ್ತಿರ ಒಂದು ಮಹಡಿ ಮೆಟ್ಟಿಲು ಹತ್ತಿದೆ.

ವಕೀಲೆ ಮೇಡಮ್ಮಿನ ಮೇಜಿನ ಮೇಲೆ ನಕ್ಷೆಗಳು, ಸರ್ವೆ ನಂಬರುಗಳು. ಬೆಳಗ್ಗಿನಿಂದ ಅಣ್ಣತಮ್ಮಂದಿರ ಜಾಗದ ಜಗಳ ಕೇಳಿ ಬಸವಳಿದಿದ್ದರು. ನನ್ನ ಕಥೆ ಕೇಳಿ ಸ್ವಲ್ಪ ನೆಟ್ಟಗೆ ಕುಳಿತರು.

"ಜಾಗ ಇಲ್ಲವಾ ಇದರಲ್ಲಿ?"

"ಇಲ್ಲ ಮೇಡಂ. ಒಂದು ಬಸ್ಸು ಮಾತ್ರ. ಅದೂ ಬಾಯಲ್ಲಿ."

"ಅಬ್ಬ. ಹೇಳಿ. ನೀವು ಎಂತ ಕೆಲಸ ಮಾಡುದು?"

"ಉಜಿರೆಯಲ್ಲಿ ಜೆರಾಕ್ಸ್ ಅಂಗಡಿ."

"ಪುಸ್ತಕಕ್ಕೆ ಪುಸ್ತಕವೇ ಜೆರಾಕ್ಸ್ ಮಾಡಿ ಕೊಡ್ತೀರಲ್ಲ, ಆ ಅಂಗಡಿಯಾ?"

"ಮೇಡಂ, ಅದೂ ತಪ್ಪಾ?"

"ಅದನ್ನು ಈಗ ಕೇಳ್ಬೇಡಿ. ಒಂದು ಸಲಕ್ಕೆ ಒಂದು ಕಳ್ಳತನ ಸಾಕು."

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಬ್ಬನು ಸ್ವಂತವಾಗಿ ಏನಾದರೂ ರಚಿಸಿದ ಗಳಿಗೆಯಿಂದಲೇ ಅದರ ಹಕ್ಕು ಅವನದ್ದು. ಅರ್ಜಿ ಹಾಕಬೇಕಿಲ್ಲ, ಮುದ್ರೆ ಬೀಳಬೇಕಿಲ್ಲ. ನೋಂದಣಿ ಮಾಡಿಸಿದರೆ ಜಗಳ ಬಂದಾಗ ಪುರಾವೆಗೆ ಒಳ್ಳೆಯದು, ಮಾಡಿಸದಿದ್ದರೆ ಹಕ್ಕು ಹೋಗುವುದಿಲ್ಲ. ಬದುಕಿರುವವರೆಗೂ ಹಕ್ಕು ಇರುತ್ತದೆ, ಸತ್ತ ಮೇಲೂ ಅರುವತ್ತು ವರ್ಷ. ಇದನ್ನು ಕೇಳಿ ನನಗೆ ಒಂದು ಕ್ಷಣ ಖುಷಿಯಾಯಿತು. ನನ್ನ ಮರಿಮಕ್ಕಳು ಆ ಕೋಳಿಯ ಕೂಗಿಗೆ ವಾರಸುದಾರರಾಗಬಹುದು.

"ಬರೆದು ಇಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ. ತಲೆಯಲ್ಲಿ ಉಂಟು."

"ತಲೆಯಲ್ಲಿದ್ದರೆ ಸಾಲದು. ಬರೆದಿಡ್ಬೇಕು, ಇಲ್ಲದಿದ್ದರೆ ಬೇರೆ ಯಾವ ರೀತಿಯಲ್ಲಾದರೂ ಅಚ್ಚಾಗಿ ನಿಂತಿರ್ಬೇಕು. ರೆಕಾರ್ಡಿಂಗ್ ಆದರೂ ನಡೀತದೆ. ಉಂಟಾ?"

"ಮೊದಲು ರೆಕಾರ್ಡ್ ಮಾಡಿದ್ದು ಅವರೇ. ಸೌಂಡ್ಸ್ ಅಣ್ಣ."

"ಹಾಗಾದರೆ ಆ ವಿಡಿಯೊ ಅವರದ್ದು. ಅದರೊಳಗಿನ ಐಟಮ್ ನಿಮ್ಮದು. ಎರಡಕ್ಕೂ ಬೇರೆ ಬೇರೆ ಹಕ್ಕು. ನೀವು ಹಾಕಿದ್ದು ಅವರ ವಿಡಿಯೊವಾ?"

"ಅಲ್ಲ, ನಾನೇ ಬೇರೆ ಮಾಡಿದ್ದು. ಭಾನುವಾರ ಅಂಗಡಿ ಬಾಗಿಲು ಹಾಕಿ, ಎ ಫೋರ್ ಕಾಗದದ ಕಟ್ಟಿನ ಮೇಲೆ ಫೋನ್ ಇಟ್ಟು."

"ಒಳ್ಳೇದಾಯ್ತು. ಅವರಿಗೆ ಏನಾದರೂ ಬರೆದು ಕೊಟ್ಟಿದ್ದೀರಾ? ಸಹಿ?"

ನನಗೆ ನಗು ಬಂತು. ನಮ್ಮಲ್ಲಿ ಗೊತ್ತಿರುವವರ ನಡುವೆ ಯಾರು ಸಹಿ ಹಾಕುತ್ತಾರೆ? ಕಾಗದ ತೆಗೆದರೆ ಅಪನಂಬಿಕೆ ತೆಗೆದ ಹಾಗೆ. ಬಾಯಲ್ಲಿ ಹೇಳಿದರೆ ಆಯಿತು, ಹೇಳದಿದ್ದರೂ ಆಯಿತು. ಮೇಡಂ ಹೇಳಿದರು, ಹಕ್ಕನ್ನು ಬೇರೆಯವರಿಗೆ ಕೊಡುವುದಿದ್ದರೆ ಬರಹದಲ್ಲಿ, ಕೊಡುವವನ ಸಹಿಯೊಂದಿಗೇ ಕೊಡಬೇಕು ಎಂದು. ಬಾಯಿಮಾತಿನ ದಾನ ನಡೆಯುವುದಿಲ್ಲ. ವೇಣೂರಿನ ಒಂದು ಯುವಕ ಸಂಘದವರು ಗಣೇಶ ಚೌತಿಗೆ ನನ್ನ ಬಸ್ಸನ್ನು ಆಡಿದ್ದರಲ್ಲ, ಅದು ತಪ್ಪಾ ಎಂದು ಕೇಳಿದೆ. ಹವ್ಯಾಸಿಗಳು ಟಿಕೆಟ್ಟಿಲ್ಲದೆ ಆಡಿದರೆ ಕಾನೂನು ಕಣ್ಣುಮುಚ್ಚುತ್ತದೆ, ಬಿಟ್ಟುಬಿಡಿ ಎಂದರು. ಬಸ್ಸಿನಲ್ಲಿ ಜನ ಮಾತಾಡುವ ಐಟಮ್ ಯಾರಾದರೂ ಹೊಸದಾಗಿ ಕಟ್ಟಿದರೆ? ಅದಕ್ಕೂ ತಡೆಯಿಲ್ಲವಂತೆ. ಬಸ್ಸೆಂಬ ಕಲ್ಪನೆ ಯಾರ ಸೊತ್ತೂ ಅಲ್ಲ. ನಾನು ಅದನ್ನು ಆಡಿಸಿದ ಮಾತು, ಕ್ರಮ, ಅದು ಮಾತ್ರ ನನ್ನದು.

"ಹಾಗಾದರೆ ಸಲೀಸು ಅಲ್ವಾ ಮೇಡಂ?"

"ಅವರ ವಿಡಿಯೊ ಒಮ್ಮೆ ತೋರಿಸಿ."

ತೋರಿಸಿದೆ. ಬಂಟ್ವಾಳದ ಹತ್ತಿರ ಒಂದು ಶಾಲೆಯ ಮೈದಾನದಲ್ಲಿ, ಯುವಕ ಸಂಘದ ವಾರ್ಷಿಕೋತ್ಸವದ ಮಧ್ಯಾಹ್ನ ನಾನು ಮೊದಲ ಬಾರಿ ಬಸ್ಸು ಬಿಟ್ಟದ್ದು. ಪರದೆಯ ಮೇಲೆ ಕೆಂಪು ತೆರೆ ಮಾತ್ರ ಕಾಣುತ್ತದೆ. ಸೌಂಡ್ಸ್ ಅಣ್ಣನ ದಪ್ಪ ಸ್ವರ ಕೇಳುತ್ತದೆ: "ಹಲೋ ಹಲೋ. ಈಗ ಬರುವ ಐಟಮ್ ನಾನು ಬರೆದದ್ದು. ಈ ಹುಡುಗನಿಗೆ ಬರೀಲಿಕ್ಕೆ ಬರುದಿಲ್ಲ, ಬಾಯಿ ಆಡಿಸ್ಲಿಕ್ಕೆ ಮಾತ್ರ ಬರುದು. ಚಪ್ಪಾಳೆ ಹೊಡೆಯುವವರು ನಂಗೆ ಹೊಡೀರಿ. ಅಷ್ಟೇ ವಿಷಯ." ಜನ ಬಿದ್ದು ಬಿದ್ದು ನಗುತ್ತಾರೆ. ತೆರೆ ಸರಿಯುತ್ತದೆ.

ಮೇಡಂ ನನ್ನ ಮುಖ ನೋಡಿದರು. "ಇದು ಅವರದ್ದೇ ಸ್ವರವಲ್ವಾ?"

"ಅಲ್ಲ ಮೇಡಂ. ನಂದು."

ನಮ್ಮ ಕಡೆಯ ವೇದಿಕೆಗಳ ಒಂದು ರೂಢಿ ಹೇಳುತ್ತೇನೆ. ಇಲ್ಲಿ ಮೈಕಿನ ಎದುರು ಯಾರೂ "ಇದು ನಾನು ಮಾಡಿದ್ದು" ಎನ್ನುವುದಿಲ್ಲ. ನಾಟಕ ಬರೆದವನು ಗುರುಗಳು ಬರೆಸಿದರು ಎನ್ನುತ್ತಾನೆ. ನಟ, ನಾಟಕಕಾರನ ಪುಣ್ಯ ಎನ್ನುತ್ತಾನೆ. ಚಪ್ಪರ ಹಾಕಿದವನೂ ಊರವರ ಆಶೀರ್ವಾದ ಎನ್ನುತ್ತಾನೆ. ತನ್ನದನ್ನು ಇನ್ನೊಬ್ಬರ ತಲೆಗೆ ಕಟ್ಟಿ ಕೆಳಗಿಳಿಯುವುದೇ ಮರ್ಯಾದೆ. ನಾನು ಹೊಸತು ಮಾಡುವೆನೆಂದು, ಆ ಉಪಚಾರವನ್ನು ಸೌಂಡ್ಸ್ ಅಣ್ಣನ ಸ್ವರದಲ್ಲಿ ಮಾಡಿದೆ. ತೆರೆಯ ಹಿಂದೆ ನಿಂತು ನನ್ನ ಕೃತಿಯನ್ನು ಅವರ ಹೆಸರಿಗೆ ಬರೆದುಕೊಟ್ಟೆ. ಅವರು ಆಗ ದೂರದಲ್ಲಿ, ಮಾವಿನ ಮರದ ಕೆಳಗೆ ಸೌಂಡ್ ಮಿಕ್ಸರ್ ಎದುರು ಚಟ್ಟಂಬಡೆ ತಿನ್ನುತ್ತ ಕೂತು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದರು.

"ಹಾಗಾದರೆ ಮಾಡಿ ತೋರಿಸಿ," ಎಂದರು ಮೇಡಂ.

ಮಾಡಿದೆ. ಬೆಳಗ್ಗಿನಿಂದ ಚಾ ಸಹ ಕುಡಿದಿರಲಿಲ್ಲ, ಗಂಟಲು ಒಣಗಿತ್ತು. ಸೌಂಡ್ಸ್ ಅಣ್ಣನಿಗೆ ಶೀತವಾದ ಹಾಗೆ ಏನೋ ಒಂದು ಬಂತು.

"ಸುಮಾರು ಹತ್ತಿರ ಉಂಟು," ಎಂದರು ಅವರು ಕನಿಕರದಿಂದ. "ಆದರೆ ಇದನ್ನು ನಂಬಿಕೊಂಡು ನಾನು ನೋಟಿಸು ಕಳಿಸ್ಲಿಕ್ಕಿಲ್ಲ. ಆ ವಿಡಿಯೊ ಕಂಪೆನಿಗೆ ನೀವು ಎದುರು ಅರ್ಜಿ ಹಾಕ್ಬಹುದು, ಅದಕ್ಕೆ ದಿನ ಹಿಡೀತದೆ, ನಿಮ್ಮ ಕಾಲೇಜಿನ ಪ್ರೋಗ್ರಾಮ್ ಮುಗಿದಿರ್ತದೆ. ಮತ್ತೆ, ನೋಟಿಸು ಹೋದರೆ ಆ ಮನೆಗೆ ನೀವು ಪುನಃ ಕಾಲಿಡ್ಲಿಕ್ಕಿಲ್ಲ, ಅದೂ ಗೊತ್ತಿರ್ಲಿ. ಮೊದಲು ಹೋಗಿ ಮಾತಾಡಿ. ಒಪ್ಪಿದರೆ ಬರೆಸಿಕೊಳ್ಳಿ. ಬಾಯಲ್ಲಿ ಅಲ್ಲ, ಕಾಗದದಲ್ಲಿ."

ಏಳುವಾಗ ಇನ್ನೊಂದು ಕೇಳಿದೆ. ಅದೇಕೆ ಕೇಳಿದೆನೋ ಗೊತ್ತಿಲ್ಲ. "ಮೇಡಂ, ಸ್ವರಕ್ಕೆ? ಒಬ್ಬರ ಸ್ವರ ಇನ್ನೊಬ್ಬ ಮಾಡಿದರೆ?"

"ಸ್ವರ ಕೃತಿ ಅಲ್ಲ. ಈ ಕಾಯ್ದೆಯಲ್ಲಿ ಅದಕ್ಕೆ ಹಕ್ಕಿಲ್ಲ. ದೊಡ್ಡ ದೊಡ್ಡ ನಟರೆಲ್ಲ ಬೇರೆ ದಾರಿ ಹಿಡಿದು ಕೋರ್ಟಿಗೆ ಹೋಗ್ತಾರೆ, ನಮ್ಮ ಸ್ವರ, ನಮ್ಮ ಮುಖ ಅಂತ. ಮೈಕಿನವರು ಹೋದದ್ದು ನಾನು ಕೇಳ್ಲಿಲ್ಲ."

ನಿರಾಳವಾಯಿತು. ಆರು ಸ್ವರ ಮಾತ್ರವಲ್ಲ, ನನ್ನ ಕೈಯಲ್ಲಿ ಅರುವತ್ತು ಸ್ವರಗಳಿವೆ. ಎಲ್ಲರೂ ಕಾಯ್ದೆ ಹಿಡಿದು ಬಂದರೆ ನಾನು ಮೂಗನಾಗಬೇಕಿತ್ತು.

ಬಂಟ್ವಾಳಕ್ಕೆ ಹೋದದ್ದು ಮರುದಿನ. ಮತ್ತೆ ಅರ್ಧ ದಿನ ರಜೆ. "ನಿನ್ನ ಮದುವೆಗಾದ್ರೂ ಇಷ್ಟು ರಜೆ ಬೇಕಾ?" ಎಂದು ಅಂಗಡಿಯ ಯಜಮಾನರು ಕೇಳಿದರು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತೆ. ಕಂಡಕ್ಟರ್ ಏನೇನೋ ಹೇಳುತ್ತಿದ್ದ, ಹಿಂದಿನ ಸೀಟಿನಲ್ಲಿ ಒಂದು ಮಗು ಹಟ ಮಾಡುತ್ತಿತ್ತು. ಬೇರೆ ದಿನವಾಗಿದ್ದರೆ ಎಲ್ಲ ಕಿವಿಯೊಳಗೆ ತುಂಬಿಕೊಳ್ಳುತ್ತಿದ್ದೆ. ಆ ದಿನ ಯಾರ ಸ್ವರವೂ ಬೇಡವಾಗಿತ್ತು.

ಸೌಂಡ್ಸ್ ಅಣ್ಣನ ಅಂಗಡಿ ಎದುರು, ಮನೆ ಹಿಂದೆ, ನಡುವೆ ಒಂದು ಹೂವಿನ ಕರ್ಟನ್. ಅಣ್ಣ ಸ್ಟೂಲಿನ ಮೇಲೆ ಕೂತು ಒಂದು ಕೇಬಲ್ಲಿಗೆ ಬೆಸುಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಎದುರಿನ ಸ್ಪೀಕರ್ ಪೆಟ್ಟಿಗೆ ತೋರಿಸಿದರು. ಕುಳಿತೆ.

"ಕೇಸ್ ಹಾಕ್ಲಿಕ್ಕೆ ಬಂದದ್ದಾ?"

"ಮಾತಾಡ್ಲಿಕ್ಕೆ."

"ಮಾತಾಡು. ಅದೊಂದು ನಿಂಗೆ ಬರ್ತದೆ." ಬೆಸುಗೆಯ ಹೊಗೆಯಿಂದ ಮುಖ ತಿರುಗಿಸಿ ಮುಂದುವರಿಸಿದರು. "ನಾನೊಂದು ಕೇಳ್ತೇನೆ. ಕಂಡಕ್ಟರ್ ಸೀಟಿ ಹೊಡೆದ ಮೇಲೆ ಎರಡು ಸೆಕೆಂಡು ಸುಮ್ಮನಿರು, ಜನ ನಗ್ಲಿ ಅಂತ ಹೇಳಿಕೊಟ್ಟದ್ದು ಯಾರು?"

"ನೀವು."

"ಅಜ್ಜಿ ಬೊಬ್ಬೆ ಹಾಕಿದರೆ ಮೈಕ್ ಒಡೀತದೆ, ಪಿಸುಪಿಸು ಮಾಡು ಅಂತ?"

"ನೀವೇ."

"ಪಿಸುಪಿಸು ಮಾಡಿದ್ದಕ್ಕೆ ತಾನೇ ಕೋಳಿ ಅಡಗಿಸಿದ ಹಾಗೆ ಆದದ್ದು? ಮತ್ತೆ?"

ಸುಳ್ಳಲ್ಲ ಅದು. ಅಜ್ಜಿ ಪಿಸುಗುಟ್ಟಿದ್ದರಿಂದಲೇ ಆ ಭಾಗ ಗೆದ್ದದ್ದು. ನಾನು ಬಸ್ಸಿನಿಂದ ಕಿವಿ ತುಂಬಿ ತಂದದ್ದನ್ನು ಅವರು ಮೈಕಿಗೆ ಸರಿಯಾಗಿ ಕೂರಿಸಿದ್ದರು. ಆದರೆ ಒಂದು ಮಾತು ಕೂಡ ಬರೆದವರಲ್ಲ.

"ಅಣ್ಣಾ, ಅದೆಲ್ಲ ಹೌದು. ಆದರೆ ಬರೆದದ್ದೂ ನೀವೇ ಅಂತ ಹೇಳಿದ್ದು ಸರಿಯಾ?"

"ಹೇಳಿದ್ದು ಅವತ್ತೇ ಹೇಳಿದ್ದು. ಎಲ್ಲರೆದುರು ಹೇಳಿದ್ದು. ನೀನೂ ಅಲ್ಲೇ ಇದ್ದಿ. ನಾನು ತೆರೆ ಹಿಂದೆ ನಿಂತು ಮೈಕ್ ಹಿಡಿದದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗೆ ಉಂಟು."

"ನೀವು ಮಾವಿನ ಮರದ ಅಡಿಯಲ್ಲಿದ್ದದ್ದು. ಹೇಳಿದ್ದು ನಾನು, ನಿಮ್ಮ ಸ್ವರದಲ್ಲಿ."

"ಹೋಗಾ! ನನ್ನ ಸ್ವರ ನಂಗೆ ಗೊತ್ತಿಲ್ವಾ?"

ಅವರ ಕಣ್ಣಲ್ಲಿ ಕಳ್ಳತನವಿರಲಿಲ್ಲ. ಅದೇ ನನ್ನನ್ನು ಸುಸ್ತು ಮಾಡಿದ್ದು. ತಮ್ಮ ಚಾನೆಲ್ಲಿನಲ್ಲಿ ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿ, ಅಂಗಡಿಗೆ ಬಂದವರಿಗೆಲ್ಲ ತೋರಿಸಿ, ಪ್ರತಿ ಸಲವೂ ತಮ್ಮದೇ ಸ್ವರ "ನಾನು ಬರೆದದ್ದು" ಎನ್ನುವುದನ್ನು ಕೇಳಿ ಕೇಳಿ, ತೆರೆಯ ಹಿಂದೆ ನಿಂತ ನೆನಪೂ ಅವರಿಗೆ ಬಂದುಬಿಟ್ಟಿತ್ತು. ಎಷ್ಟು ಚಂದಕ್ಕೆ ಸ್ವರ ಮಾಡಿದ್ದೆನೆಂದರೆ ಸ್ವರದ ಯಜಮಾನನೇ ಮೋಸ ಹೋಗಿದ್ದ. ಇದಕ್ಕಿಂತ ದೊಡ್ಡ ಪ್ರಶಸ್ತಿ ಮಿಮಿಕ್ರಿಯವನಿಗೆ ಇಲ್ಲ. ಅದನ್ನು ತೆಗೆದುಕೊಂಡು ಬೆಳ್ತಂಗಡಿಗೂ ಬಂಟ್ವಾಳಕ್ಕೂ ಅಲೆಯುತ್ತಿದ್ದೆ.

ಅಣ್ಣ ಬೆಸುಗೆಯ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಿಂದ ಕೇಬಲ್ ತಿರುಚತೊಡಗಿದರು. ನಾನು ಕರ್ಟನ್ನಿನ ಕಡೆ ತಿರುಗಿ ಅವರ ಸ್ವರ ತೆಗೆದೆ. ಈ ಸಲ ಗಂಟಲು ಕೈಕೊಡಲಿಲ್ಲ.

"ಹಲೋ ಹಲೋ. ಎರಡು ಚಾ ಮಾಡು. ಒಂದಕ್ಕೆ ಸಕ್ಕರೆ ಬೇಡ. ಅಷ್ಟೇ ವಿಷಯ."

ಒಳಗಿನಿಂದ ಅಣ್ಣನ ಹೆಂಡತಿಯ ಸ್ವರ ಬಂತು, ನಾವೆಲ್ಲ ಅಕ್ಕ ಎಂದು ಕರೆಯುವವರು. "ಈಗಷ್ಟೇ ಕುಡಿದದ್ದಲ್ವಾ ಮಾರಾಯ್ರೆ? ಅದು ಹೊಟ್ಟೆಯಾ, ಡ್ರಮ್ಮಾ? ಸಕ್ಕರೆ ಬೇಡ ಅಂತೆ ಈಗ, ದೊಡ್ಡ ಶುಗರಿನವರು!"

ಅಣ್ಣ ಹಲ್ಲಿನಲ್ಲಿ ತಂತಿ ಕಚ್ಚಿಕೊಂಡೇ ಕರ್ಟನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಅಕ್ಕ ಎರಡು ಗ್ಲಾಸು ಹಿಡಿದು ಬಂದರು.

"ಓ, ನೀನು ಬಂದದ್ದಾ? ಇವರು ಹೇಳಿದ್ರೆ ನಾನು ತಿಂಡಿಯೂ ತರ್ತಿದ್ದೆ. ಬರೀ ಚಾ ತಾ ಅಂತ ಬೊಬ್ಬೆ ಹಾಕಿದ್ರು."

"ನಾನು ಬೊಬ್ಬೆ ಹಾಕ್ಲಿಲ್ಲ," ಎಂದರು ಅಣ್ಣ, ತಂತಿ ತೆಗೆದು.

"ಮತ್ತೆ ಗೋಡೆ ಹಾಕಿತಾ?"

ಅಣ್ಣ ಗಲ್ಲದಿಂದ ನನ್ನ ಕಡೆ ತೋರಿಸಿದರು. ನಾನು ಅಕ್ಕನಿಗೆ ಎಲ್ಲ ಹೇಳಿದೆ: ದೂರು, ಕಾಲೇಜು, ತೆರೆ, ಮಾವಿನ ಮರ. ಅಕ್ಕ ನಗಬೇಕಿತ್ತು, ನಗಲಿಲ್ಲ. ಗಂಡನ ಮುಖ ನೋಡಿ ಗ್ಲಾಸುಗಳನ್ನು ಮೆಲ್ಲ ಕೆಳಗಿಟ್ಟರು.

ನಾನು ಗೆದ್ದಿದ್ದೆ. ಕೋರ್ಟಿಗೆ ಹೋಗದೆ, ನೋಟಿಸು ಕಳಿಸದೆ, ಒಂದು ಚಾದಲ್ಲಿ ಗೆದ್ದಿದ್ದೆ. ಆದರೆ ಕುಣಿಯುವ ಮನಸ್ಸು ಬರಲಿಲ್ಲ. ಆ ಸ್ಪೀಕರ್ ಪೆಟ್ಟಿಗೆಯ ಮೇಲೆಯೇ ಸ್ವಲ್ಪ ಹೊತ್ತು ಮಲಗಿಬಿಡೋಣ ಎನ್ನಿಸಿತು.

"ಇವಳಿಗೂ ಗೊತ್ತಾಗ್ಲಿಲ್ಲ," ಎಂದರು ಅಣ್ಣ. ಅದು ನನಗೆ ಹೇಳಿದ್ದಲ್ಲ. ಆಮೇಲೆ ನನಗೆ: "ಎಷ್ಟು ಸ್ಟೇಜಿನಲ್ಲಿ ಮಾಡಿದ್ದೀ ನನ್ನ ಸ್ವರ?"

"ಲೆಕ್ಕ ಇಲ್ಲ ಅಣ್ಣ. ಎಲ್ಲಿ ಬಸ್ಸು ಬಿಟ್ಟರೂ ಮೊದಲು ನೀವೇ."

"ನನ್ನ ಹತ್ರ ಒಮ್ಮೆಯಾದ್ರೂ ಕೇಳಿದ್ದೀಯಾ?"

"ಇಲ್ಲ."

"ಅದಕ್ಕೆ ಕಾನೂನು ಉಂಟಾ?"

ಹೇಳದೆ ಇರಬಹುದಿತ್ತು. ಆದರೆ ಅವರು ಕೇಳಿದ್ದನ್ನೇ ನಾನೂ ಹಿಂದಿನ ದಿನ ಕೇಳಿ ಉತ್ತರ ತಂದಿದ್ದೆ. "ಕೃತಿಗೆ ಉಂಟು ಅಣ್ಣ. ಸ್ವರಕ್ಕೆ ಆ ಕಾಯ್ದೆಯಲ್ಲಿ ಇಲ್ಲವಂತೆ."

"ಲಾಯ್ಕುಂಟು," ಎಂದರು. "ನೀನು ನಮ್ಮನ್ನೆಲ್ಲ ನೋಡಿ ಕಟ್ಟಿದ್ದು ನಿನ್ನದು. ನಾವು ನಾವಾಗಿ ಇದ್ದದ್ದು ಯಾರದ್ದೂ ಅಲ್ಲ."

ಚಾ ಕುಡಿದೆ. ಸಕ್ಕರೆಯಿಲ್ಲದ ಗ್ಲಾಸು ನನ್ನ ಪಾಲಿಗೆ ಬಂದಿತ್ತು.

ದೂರು ಹಿಂತೆಗೆಯುವುದು ಹೇಗೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಕೊಡುವಾಗ ಒಂದು ಒತ್ತಿನಲ್ಲಿ ಆದದ್ದು ತೆಗೆಯುವಾಗ ಇಮೇಲು, ಪಾಸ್‌ವರ್ಡು, ಓಟಿಪಿ ಎಂದು ಅರ್ಧ ಗಂಟೆ ತಿಂದಿತು. ಅಕ್ಕ ಕನ್ನಡಕ ಹಾಕಿಕೊಂಡು ಓದಿದರು, ನಾನು ಅರ್ಥ ಹೇಳಿದೆ, ಅಣ್ಣ ಒತ್ತಿದರು. "ನೀವು ಖಚಿತವಾಗಿದ್ದೀರಾ?" ಎಂದು ಫೋನು ಮೂರು ಸಲ ಕೇಳಿತು. ಮೂರನೆಯ ಸಲಕ್ಕೆ ಅಣ್ಣ, "ಇದಕ್ಕೆಂತ, ನನ್ನ ಮೇಲೆ ಸಂಶಯವಾ?" ಎಂದು ಗದರಿದರು.

ಕಾಲೇಜಿಗೆ ಕೊಡಬೇಕಾದ ಕಾಗದವನ್ನು ಅವರ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿಯೇ ನಾನು ಬರೆದೆ. ಬಸ್ಸಿನ ಐಟಮ್ ರಚಿಸಿದ್ದು ನಾನು. ಆ ದಿನದ ವಿಡಿಯೊ ತೆಗೆದದ್ದು ಅವರು, ಅದು ಅವರದ್ದು. ರಚನೆಗೆ ನನ್ನ ಹೆಸರು ಹಾಕಿ ಅವರು ಅದನ್ನು ತಮ್ಮ ಚಾನೆಲ್ಲಿನಲ್ಲಿ ಇಟ್ಟುಕೊಳ್ಳಬಹುದು. ಇಷ್ಟು ಬರೆದು ಪೆನ್ನು ಮುಚ್ಚಿದೆ.

"ಇನ್ನೊಂದು ಉಂಟು," ಎಂದರು ಅಕ್ಕ. "ಇವರ ಸ್ವರ ಮಾಡುವ ಮೊದಲು ಇವರ ಹತ್ರ ಕೇಳ್ಬೇಕು. ಬರಿ."

"ಬಿಡು, ಅದಕ್ಕೆ ಕಾನೂನು ಇಲ್ಲವಂತೆ," ಎಂದರು ಅಣ್ಣ.

"ಕಾನೂನು ಇಲ್ಲದ್ದಕ್ಕೆ ತಾನೇ ಬರಿಲಿಕ್ಕೆ ಹೇಳುದು? ಬರಿ ನೀನು."

ಬರೆದೆ. ಮೊದಲಿನ ಮೂರು ಸಾಲಿಗಿಂತ ಆ ಸಾಲು ನಿಧಾನವಾಗಿ ಬಂತು. ಇಬ್ಬರೂ ಸಹಿ ಹಾಕಿದೆವು. ಇಷ್ಟು ವರ್ಷಗಳ ಒಡನಾಟದಲ್ಲಿ ಇಬ್ಬರ ಹೆಸರೂ ಒಂದೇ ಕಾಗದದ ಮೇಲೆ ಬಿದ್ದದ್ದು ಅದೇ ಮೊದಲು. ಅಣ್ಣನ ಸಹಿ ಇಷ್ಟು ಚಂದ ಎಂದು ನನಗೆ ಗೊತ್ತೇ ಇರಲಿಲ್ಲ. ತಮಗೂ ಒಂದು ಪ್ರತಿ ಬೇಕಲ್ಲ ಎಂದು ಅಣ್ಣ ಫೋಟೊ ತೆಗೆದುಕೊಂಡರು. ಅಕ್ಕ ನನ್ನ ಚೀಲಕ್ಕೆ ಒಂದು ಪೊಟ್ಟಣ ಚಕ್ಕುಲಿ ಹಾಕಿದರು. ಬಾಗಿಲಿನವರೆಗೆ ಬರುವ ರೂಢಿಯಿದ್ದ ಅಣ್ಣ ಸ್ಟೂಲಿನಿಂದ ಏಳಲಿಲ್ಲ.

ಮೂಡಬಿದಿರೆಯ ಕಾರ್ಯಕ್ರಮ ಬೆಳಗ್ಗೆ ಹನ್ನೊಂದಕ್ಕೆ. ಮೇಷ್ಟ್ರು ಕಾಗದವನ್ನು ಎರಡೆರಡು ಸಲ ಓದಿ, ನಾಲ್ಕನೆಯ ಸಾಲಿಗೆ ಬಂದಾಗ ಹುಬ್ಬು ಏರಿಸಿ, ಏನೂ ಕೇಳದೆ ಫೈಲಿಗೆ ಹಾಕಿದರು. ತೆರೆಯ ಹಿಂದೆ ನಿಂತಾಗ ಫೋನು ಕೈಯಲ್ಲಿಯೇ ಇತ್ತು. ಅಣ್ಣನಿಗೆ ಒಂದು ಕರೆ ಮಾಡಿ ಕೇಳಬಹುದಿತ್ತು. ಕೇಳಲು ನಾಚಿಕೆಯೋ, ಬೇಡ ಎಂದಾರೆಂಬ ಭಯವೋ, ಅಥವಾ ಬರೇ ಸುಸ್ತೋ, ಕೈ ಏಳಲಿಲ್ಲ. ನಿರೂಪಣೆಯ ಹುಡುಗಿ "ರಚನೆ ಮತ್ತು ಅಭಿನಯ" ಎಂದು ನನ್ನ ಹೆಸರು ಹೇಳಿದಳು. ರಚನೆ ಎಂಬ ಪದದ ಪಕ್ಕ ನನ್ನ ಹೆಸರನ್ನು ಮೊದಲ ಬಾರಿ ಕೇಳಿದೆ. ಯಾರೋ ಪರಿಚಯದವರನ್ನು ಕರೆದ ಹಾಗಾಯಿತು.

ಅಣ್ಣನ ಸ್ವರ ಬಿಟ್ಟು ಸೀದಾ ಕಂಡಕ್ಟರಿನ ಸೀಟಿಯಿಂದ ಶುರುಮಾಡಿದೆ. ಮೊದಲ ನಗು ಬರಲು ಸ್ವಲ್ಪ ತಡವಾಯಿತು. ಆಮೇಲೆ ಬಂತು. ಕೋಳಿಗೆ ಬಂತು, ದುಬೈಯವನಿಗೆ ಬಂತು, ಪೆದ್ದನಿಗೆ ಸಭಾಂಗಣವೇ ನಕ್ಕಿತು. ಏನೂ ಕಡಿಮೆಯಾಗಲಿಲ್ಲ ಎಂದು ಎಲ್ಲರೂ ಹೇಳಿದರು. ಕಡಿಮೆಯಾದದ್ದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡೆ.

ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತ ಫೋನು ನೋಡಿದೆ. ನನ್ನ ವಿಡಿಯೊ ಮರಳಿ ಬಂದಿತ್ತು. ಕೆಳಗೆ ಆಗಲೇ ಒಬ್ಬರು ಬರೆದಿದ್ದರು: "ಹಳತು. ಎಷ್ಟು ಸಲ ಇದನ್ನೇ ನೋಡುದು ಮಾರ್ರೆ, ಹೊಸತು ಹಾಕಿ." ಎರಡು ವಾರ ಮೂರು ಊರು ಅಲೆದು ಬಿಡಿಸಿ ತಂದ ಸೊತ್ತು ಅದು. ಉತ್ತರ ಬರೆಯಲು ಹೊರಟು, ಅಲ್ಲಿಗೇ ಬಿಟ್ಟೆ. ಅವರು ಹೇಳಿದ್ದು ಸುಳ್ಳೇನಲ್ಲ.

ಅಷ್ಟರಲ್ಲಿ ಸೌಂಡ್ಸ್ ಅಣ್ಣನ ಫೋನು.

"ಲೈವ್ ನೋಡಿದೆ," ಎಂದರು. "ಕಾಲೇಜಿನವರ ಮೈಕು ಸರಿ ಇಲ್ಲ. ಅಜ್ಜಿಯದ್ದು ಅರ್ಧ ಕೇಳ್ಲಿಲ್ಲ."

"ಹೌದಾ ಅಣ್ಣ."

"ಸುರುವಿನದ್ದು ಎಂತಕ್ಕೆ ಬಿಟ್ಟದ್ದು?"

"ನಿಮ್ಮ ಹತ್ರ ಕೇಳಿರ್ಲಿಲ್ಲ."

"ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಆಯ್ತು ಹೇಳ್ತಿದ್ರಾ?"

ಆ ಕಡೆ ಯಾವುದೋ ಸ್ಪೀಕರು ಕುಂಯ್ ಎಂದು ನಿಂತಿತು.

"ಇಲ್ಲ," ಎಂದರು. "ಇಲ್ಲ ಅಂತಲೇ ಹೇಳ್ತಿದ್ದೆ. ಆದ್ರೂ ಮುಂದಿನ ಸಲ ಕೇಳು."

ವೇಣೂರಿನ ಬಸ್ಸು ಬಂದು ನಿಂತಿತು. ಕೇಳ್ತೇನೆ ಅಣ್ಣ ಎಂದೆ, ನನ್ನದೇ ಸ್ವರದಲ್ಲಿ, ಮತ್ತು ಸೀಟು ಹುಡುಕಲು ಹೋದೆ.